ಪುಸ್ತಕದ ಎರೆಹುಳು, ತಟ್ಟೆಯ ಎರೆಹುಳು

ವಿಜ್ಞಾನ ಪದವಿಯ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳಿದ ಅಧ್ಯಾಪಕರಿಗೆಲ್ಲ ಒಂದು ಸಂಗತಿ ಪರಿಚಿತವಾದುದು. ನಾನು ಕೆಲಸಕ್ಕೆ ಸೇರಿದ 1980ರ ದಶಕದಲ್ಲಿ ಆ ಹುಡುಗರು ನಮ್ಮ ಬಳಿ ಇರುತ್ತಿದ್ದುದು ಮೊದಲ ಎರಡು ವರ್ಷ ಮಾತ್ರ. ಮೂರನೆಯ ವರ್ಷಕ್ಕೆ ಕಾಲಿಟ್ಟರೆಂದರೆ ಭಾಷೆಯ ಪಾಠ ಮುಗಿಯುತ್ತಿತ್ತು; ಪಂಪನನ್ನೂ ಕುಮಾರವ್ಯಾಸನನ್ನೂ ನಮ್ಮ ವಶಕ್ಕೆ ಒಪ್ಪಿಸಿ ಅವರು ತಮ್ಮ ಐಚ್ಛಿಕ ವಿಷಯಗಳ ಕಡೆ ಹೊರಟುಹೋಗುತ್ತಿದ್ದರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಈ ಮೂರನ್ನು ಆರಿಸಿಕೊಂಡವರಂತೂ ಎದುರಿಗೆ ಬಂದಾಗ ಅವರ ಬಿಳಿಯ ಕೋಟಿನಿಂದ ಫಾರ್ಮಲಿನ್ನಿನ ಘಾಟು ಮೊದಲು ಬರುತ್ತಿತ್ತು, ನಮಸ್ಕಾರ ಆಮೇಲೆ. ಪದವಿಯ ಆ ಕೊನೆಯ ಘಟ್ಟದಲ್ಲಿ ಇವರು ಕಲಿಯುವುದಾದರೂ ಏನನ್ನು, ಅದನ್ನೇ ಕಲಿಯಬೇಕೆಂದು ಗೊತ್ತುಮಾಡಿದವರು ಯಾರು ಎಂಬ ಕುತೂಹಲ ನನ್ನಲ್ಲಿ ಹುಟ್ಟಿದ್ದು ಆ ದಿನಗಳಲ್ಲಿ.

ಸಾಹಿತ್ಯದವನಿಗೆ ಈ ಉಸಾಬರಿ ಏಕೆಂದು ಕೇಳುವವರಿರಬಹುದು. ಪಠ್ಯಕ್ರಮವೆಂಬುದೂ ಒಂದು ಗ್ರಂಥವೇ. ಅದಕ್ಕೂ ಕರ್ತೃವುಂಟು, ಕಾಲವುಂಟು, ಆಕರವುಂಟು. ಒಂದು ಪ್ರತಿಯಿಂದ ಇನ್ನೊಂದು ಪ್ರತಿಗೆ ಇಳಿದು ಬರುವಾಗ ಅದರಲ್ಲಿ ಪಾಠಾಂತರಗಳು ಸೇರುತ್ತವೆ, ಕೆಲವು ಪದ್ಯಗಳು ಬಿಟ್ಟುಹೋಗುತ್ತವೆ, ಲಿಪಿಕಾರನು ಅರ್ಥ ತಿಳಿಯದೆ ಬರೆದದ್ದೂ ಉಳಿದುಕೊಳ್ಳುತ್ತದೆ. ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ಅಭ್ಯಾಸವಿರುವವನಿಗೆ ಜೀವಶಾಸ್ತ್ರದ ಪಠ್ಯಕ್ರಮದ ಚರಿತ್ರೆ ಅಪರಿಚಿತವೆಂದು ತೋರುವುದಿಲ್ಲ.

ಈ ಗ್ರಂಥದ ಮೂಲಪ್ರತಿಯನ್ನು ಹುಡುಕಿ ಹೊರಟರೆ ನಾವು 1871ರ ಬೇಸಗೆಯ ಲಂಡನ್ನಿಗೆ ಹೋಗಿ ನಿಲ್ಲುತ್ತೇವೆ. ಡಾರ್ವಿನ್ನನ ಪರವಾಗಿ ವಾದಕ್ಕೆ ನಿಂತವನೆಂದು ನಾವು ಹೆಸರು ಕೇಳಿರುವ ಥಾಮಸ್ ಹೆನ್ರಿ ಹಕ್ಸ್‌ಲಿ ಆ ವರ್ಷ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲೆಯ ಉಪಾಧ್ಯಾಯರಿಗಾಗಿ ಒಂದು ತರಗತಿಯನ್ನು ನಡೆಸಿದನು. ಅದಕ್ಕೆ ಮೊದಲು ಅವನು ಜರ್ಮಿನ್ ಬೀದಿಯ ಗಣಿ ವಿದ್ಯಾಶಾಲೆಯಲ್ಲಿ 1854ರಿಂದ ಪಾಠ ಹೇಳುತ್ತಿದ್ದನು. ಅಲ್ಲಿ ಪ್ರಯೋಗಶಾಲೆಯಿರಲಿಲ್ಲ. ಅಧ್ಯಾಪಕನು ಕರಿಹಲಗೆಯ ಮೇಲೆ ಚಿತ್ರ ಬರೆಯುವನು, ಕೇಳುವವರು ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುವರು. ಪ್ರಾಣಿಯನ್ನು ಕಾಣದೆಯೇ ಪ್ರಾಣಿಶಾಸ್ತ್ರವನ್ನು ಕಲಿಯುವ ಈ ಪದ್ಧತಿ ಹಕ್ಸ್‌ಲಿಗೆ ಸರಿಕಾಣಲಿಲ್ಲ. ಆದುದರಿಂದ ಆ ಬೇಸಗೆಯಲ್ಲಿ ಅವನು ಬೇರೊಂದು ವಿಧಾನವನ್ನು ಹಿಡಿದನು. ಮೊದಲು ಉಪನ್ಯಾಸ, ಅದು ಮುಗಿದೊಡನೆ ಕೇಳಿದವರೆಲ್ಲ ಮೇಜಿನ ಮುಂದೆ ಕುಳಿತು ಆಗತಾನೆ ಕೇಳಿದ ಜೀವಿಯನ್ನು ತಮ್ಮ ಕೈಯಿಂದಲೇ ಬಿಡಿಸಿ, ತಮ್ಮ ಕಣ್ಣಿಂದಲೇ ನೋಡಬೇಕು. ಮೈಕೇಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್, ರುದರ್‌ಫರ್ಡ್ ಎಂಬ ಮೂವರು ತರುಣರು ಅವನಿಗೆ ಸಹಾಯಕರಾಗಿದ್ದರು. ಮುಂದೆ ಇವರು ಒಬ್ಬೊಬ್ಬರೂ ಒಂದೊಂದು ವಿದ್ಯಾಪೀಠದಲ್ಲಿ ಈ ಕ್ರಮವನ್ನು ಬೇರೂರಿಸಿದರು.

ಆದರೆ ಒಂದು ತೊಡಕಿತ್ತು. ಜೀವರಾಶಿ ಅನಂತವಾದದ್ದು, ತರಗತಿಯ ಅವಧಿ ಅಲ್ಪವಾದದ್ದು. ಎಲ್ಲವನ್ನೂ ನೋಡುವುದು ಅಸಾಧ್ಯವಾದ್ದರಿಂದ ಕೆಲವನ್ನು ಆರಿಸಬೇಕಾಯಿತು. ಹಕ್ಸ್‌ಲಿಯೂ ಅವನ ಶಿಷ್ಯ ಮಾರ್ಟಿನ್ನನೂ ಕೂಡಿ 1875ರಲ್ಲಿ ಹೊರತಂದ ಪ್ರಾಯೋಗಿಕ ಪಾಠಗಳ ಪುಸ್ತಕದಲ್ಲಿ ಆ ಆಯ್ಕೆ ಮುದ್ರಿತವಾಗಿದೆ. ಮೊದಲನೆಯ ಅಧ್ಯಾಯ ಹಿಟ್ಟನ್ನು ಹುದುಗಿಸುವ ಯೀಸ್ಟು. ಅಲ್ಲಿಂದ ಮುಂದಕ್ಕೆ ಅಮೀಬ, ಬ್ಯಾಕ್ಟೀರಿಯ, ಬೂಷ್ಟು, ಜರೀಗಿಡ, ಹುರುಳಿಯ ಜಾತಿಯ ಒಂದು ಗಿಡ, ಹೈಡ್ರ, ಸಿಹಿನೀರಿನ ಕಪ್ಪೆಚಿಪ್ಪು, ಕ್ರೇಫಿಷ್ ಎಂಬ ಸಿಗಡಿಯ ನೆಂಟ, ಹದಿಮೂರನೆಯದಾಗಿ ಕಪ್ಪೆ. ಅತಿ ಸರಳವಾದುದರಿಂದ ಅತಿ ಜಟಿಲವಾದುದಕ್ಕೆ ಏರುವ ಮೆಟ್ಟಿಲು ಇದು. 1888ರ ಪರಿಷ್ಕರಣದಲ್ಲಿ ಈ ಕ್ರಮ ತಲೆಕೆಳಗಾಗಿ ಕಪ್ಪೆ ಮೊದಲಿಗೆ ಬಂದಿತು. ಪರಿಚಿತವಾದುದರಿಂದ ಅಪರಿಚಿತವಾದುದಕ್ಕೆ ಹೋಗುವುದೇ ಹೊಸಬರಿಗೆ ಸುಲಭವೆಂದು ಅನುಭವ ತೋರಿಸಿಕೊಟ್ಟಿತ್ತು. ಅಕ್ಷರದಿಂದ ಪದಕ್ಕೆ ಹೋಗಬೇಕೋ, ಪದದಿಂದ ಅಕ್ಷರಕ್ಕೆ ಬರಬೇಕೋ ಎಂದು ನಮ್ಮ ಪ್ರಾಥಮಿಕ ಶಾಲೆಗಳ ವಿಚಾರದಲ್ಲಿ ನಡೆದ ವಾದವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ತರಗತಿಯಲ್ಲಿ 1884ರ ವೇಳೆಗೆ ಒಬ್ಬ ಬಡ ವಿದ್ಯಾರ್ಥಿ ಬಂದು ಕುಳಿತನೆಂಬುದನ್ನು ಸಾಹಿತ್ಯದವನಾಗಿ ನಾನು ಹೇಳದೆ ಇರಲಾರೆ. ಅವನ ಹೆಸರು ಎಚ್. ಜಿ. ವೆಲ್ಸ್. 1895ರಲ್ಲಿ ಕಾಲಯಂತ್ರದ ಕಾದಂಬರಿಯಿಂದ ಪ್ರಸಿದ್ಧನಾಗುವುದಕ್ಕೆ ಎರಡು ವರ್ಷ ಮೊದಲು ಅವನು ಪ್ರಕಟಿಸಿದ್ದು ಜೀವಶಾಸ್ತ್ರದ ಒಂದು ಪಠ್ಯಪುಸ್ತಕವನ್ನು.

ಹಕ್ಸ್‌ಲಿಯ ಪದ್ಧತಿಗೆ ಮಾದರಿ ಪದ್ಧತಿ ಎಂದು ಹೆಸರಾಯಿತು. ಒಂದೊಂದು ವರ್ಗಕ್ಕೆ ಒಂದೊಂದು ಪ್ರಾಣಿಯನ್ನು ಮಾದರಿಯಾಗಿ ಇಟ್ಟುಕೊಂಡು ಅದನ್ನು ಸಾಂಗವಾಗಿ ಕಲಿಯುವುದು. ಸಂಸ್ಕೃತ ಕಲಿತವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ರಾಮಶಬ್ದವೊಂದನ್ನು ಕಂಠಪಾಠ ಮಾಡಿದರೆ ಅಕಾರಾಂತ ಪುಲ್ಲಿಂಗ ಶಬ್ದಗಳೆಲ್ಲ ಕೈವಶವಾದಂತೆ. ಕೃಷ್ಣನೂ ಅಷ್ಟೆ, ವೃಕ್ಷವೂ ಅಷ್ಟೆ. ಇದು ಬಹಳ ಸೊಗಸಾದ ಉಪಾಯ. ಇಷ್ಟು ಕಡಮೆ ಶ್ರಮದಿಂದ ಇಷ್ಟು ಹೆಚ್ಚು ಫಲ ಬೇರೆ ಯಾವುದರಿಂದಲೂ ಸಿಕ್ಕುವುದಿಲ್ಲ. ಆದರೆ ರಾಮಶಬ್ದದ ಬಲದಿಂದ ಕನ್ನಡದ ಮರವನ್ನೂ ಕಲ್ಲನ್ನೂ ವಿಭಕ್ತಿಗೆ ಹಚ್ಚಹೊರಟರೆ ಏನಾಗುತ್ತದೆ? ಕನ್ನಡಕ್ಕೆ ಅದರದೇ ಆದ ಸೂತ್ರ ಬೇಕಾಗುತ್ತದೆ, ಆ ಸೂತ್ರವನ್ನು ಬರೆಯುವುದಕ್ಕೆ ಕನ್ನಡವನ್ನು ಕಿವಿಗೊಟ್ಟು ಕೇಳಿದ ಕೇಶಿರಾಜನಂಥವನೊಬ್ಬನು ಬೇಕಾಗುತ್ತಾನೆ. ಜೀವಶಾಸ್ತ್ರದ ಪಠ್ಯಕ್ರಮ ಹಡಗು ಹತ್ತಿ ನಮ್ಮ ನಾಡಿಗೆ ಬಂದಾಗ ಒದಗಿದ ಸಂಕಟ ಇದೇ.

ಅದು ಬಂದ ದಾರಿಯನ್ನು ಗುರುತಿಸುವುದು ಕಷ್ಟವಲ್ಲ. 1872ರಿಂದ ಕೆಲವು ವರ್ಷ ಹಕ್ಸ್‌ಲಿಯ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ಜೆಫ್ರಿ ಪಾರ್ಕರ್ 1880ರಲ್ಲಿ ನ್ಯೂಜಿಲೆಂಡಿನ ಒಟಾಗೋಕ್ಕೆ ಪ್ರಾಧ್ಯಾಪಕನಾಗಿ ಹೋದನು. ಅವನೂ ಸಿಡ್ನಿಯ ಹ್ಯಾಸ್ವೆಲನೂ ಸೇರಿ 1897ರಲ್ಲಿ ಪ್ರಾಣಿಶಾಸ್ತ್ರದ ಎರಡು ದೊಡ್ಡ ಸಂಪುಟಗಳನ್ನು ಹೊರತಂದರು. ಭಾರತದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಓದಿದ ಹಳೆಯ ತಲೆಗಳನ್ನು ಕೇಳಿ ನೋಡಿ; ಪಾರ್ಕರ್ ಮತ್ತು ಹ್ಯಾಸ್ವೆಲ್ ಎಂಬ ಜೋಡಿ ಹೆಸರನ್ನು ಅವರು ನಾವು ರನ್ನ ಪೊನ್ನರ ಹೆಸರನ್ನು ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ. ಆ ಸಂಪುಟಗಳಲ್ಲಿ ವಿವರಿಸಿದ್ದ ಎರೆಹುಳು ಯೂರೋಪಿನ ಲುಂಬ್ರಿಕಸ್. ತರಗತಿಯ ಮೇಣದ ತಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ಮಲಗಿಸಿದ್ದ ಎರೆಹುಳುವಾದರೋ ಭಾರತದ ನೆಲದ ಫೆರೆಟೀಮ. ಓದುವುದು ಒಂದನ್ನು, ಕೊಯ್ಯುವುದು ಇನ್ನೊಂದನ್ನು.

ಎರಡೂ ಎರೆಹುಳುವೇ ಅಲ್ಲವೇ, ವ್ಯತ್ಯಾಸ ಎಷ್ಟು ಮಹಾ ಇದ್ದೀತು ಎನ್ನಿಸುವುದು ಸಹಜ. ಎರೆಹುಳುವಿನ ಮೈಯ ಮುಂಭಾಗದಲ್ಲಿ ಬಳೆ ತೊಡಿಸಿದ ಹಾಗೆ ಒಂದು ದಪ್ಪನೆಯ ಪಟ್ಟಿಯಿರುತ್ತದೆ. ಮಳೆಗಾಲದಲ್ಲಿ ಅಂಗಳದ ಅಂಚಿನಲ್ಲಿ ತಾವೇ ನೋಡಬಹುದು. ಲುಂಬ್ರಿಕಸ್ಸಿನಲ್ಲಿ ಆ ಪಟ್ಟಿ 32ನೆಯ ಉಂಗುರದಿಂದ 37ನೆಯದರವರೆಗೆ ಇರುತ್ತದೆ. ಫೆರೆಟೀಮದಲ್ಲಿ 14ರಿಂದ 16ರವರೆಗೆ. ಲುಂಬ್ರಿಕಸ್ಸಿಗೆ ಒಂದೊಂದು ಉಂಗುರದಲ್ಲಿ ಎಂಟೇ ಎಂಟು ಮುಳ್ಳುಗೂದಲು, ನಮ್ಮದಕ್ಕೆ ಸುತ್ತಲೂ ಸಾಲಾಗಿ ನೂರರ ಆಸುಪಾಸು. ಇವೆಲ್ಲ ಭೂತಗನ್ನಡಿ ಹಿಡಿದು ಬೆರಳೆಣಿಸಿ ತಿಳಿಯಬಹುದಾದ ಸಂಗತಿಗಳು. ಎಣಿಸಿದವನಿಗೆ ತಿಳಿಯುತ್ತದೆ, ಪುಸ್ತಕ ನೋಡಿ ಚಿತ್ರ ಬರೆದವನಿಗೆ ತಿಳಿಯುವುದಿಲ್ಲ. ಹೊರಗಿನ ಮೈಯಲ್ಲೇ ಇಷ್ಟು ಭೇದವಿದ್ದರೆ ಒಳಗೆ?

ಒಳಗನ್ನು ನೋಡಿದವರು ಕರಮ್ ನಾರಾಯಣ್ ಬಹ್ಲ್. 1919ರಲ್ಲಿ ಇಂಗ್ಲೆಂಡಿನ ಒಂದು ಶಾಸ್ತ್ರಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ವಿಷಯ, ಭಾರತದ ಎರೆಹುಳುವಿನ ವಿಸರ್ಜನ ನಾಳಿಕೆಗಳು. ನಮಗೆ ಮೂತ್ರಪಿಂಡ ಇದ್ದ ಹಾಗೆ ಎರೆಹುಳುವಿಗೆ ಉಂಗುರ ಉಂಗುರದಲ್ಲಿಯೂ ಸುರುಳಿ ಸುತ್ತಿದ ಸಣ್ಣ ನಾಳಿಕೆಗಳಿರುತ್ತವೆ. ನೆಫ್ರೀಡಿಯ ಎಂದು ಅವುಗಳ ಶಾಸ್ತ್ರನಾಮ. ಲುಂಬ್ರಿಕಸ್ಸಿನಲ್ಲಿ ಇವು ಮೊದಲ ಕೆಲವು ಉಂಗುರಗಳನ್ನು ಬಿಟ್ಟು ಒಂದೊಂದರಲ್ಲಿ ಒಂದೊಂದು ಜೊತೆ ಇದ್ದು, ತಮ್ಮ ಕಶ್ಮಲವನ್ನು ಚರ್ಮದ ರಂಧ್ರದಿಂದ ನೇರವಾಗಿ ಹೊರಕ್ಕೆ ಚೆಲ್ಲುತ್ತವೆ. ಫೆರೆಟೀಮದಲ್ಲಿ ಒಂದು ಜೊತೆಯ ಮಾತೇ ಇಲ್ಲ. ಹದಿನೈದನೆಯ ಉಂಗುರದಿಂದ ಹಿಂದಕ್ಕೆ ಒಂದು ಉಂಗುರವನ್ನು ಇನ್ನೊಂದರಿಂದ ಬೇರ್ಪಡಿಸುವ ಒಳಪರದೆಗಳಿಗೆ ನಾಳಿಕೆಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತವೆ. ಬಹ್ಲ್ ಕಂಡುಹಿಡಿದದ್ದು, ಈ ನಾಳಿಕೆಗಳು ಮೈಯ ಹೊರಕ್ಕೆ ತೆರೆಯುವುದೇ ಇಲ್ಲ, ಕರುಳಿನೊಳಕ್ಕೆ ತೆರೆಯುತ್ತವೆ ಎಂಬುದನ್ನು. ಹೀಗಾಗಿ ವಿಸರ್ಜಿಸಿದ ದ್ರವದಲ್ಲಿನ ನೀರು ಕರುಳಿನಲ್ಲಿ ಮತ್ತೆ ಹೀರಲ್ಪಟ್ಟು ಮೈಯಲ್ಲಿಯೇ ಉಳಿಯುತ್ತದೆ. ವರ್ಷದ ಹೆಚ್ಚು ಭಾಗ ಒಣಗಿರುವ ನೆಲದಲ್ಲಿ ಬದುಕುವ ಹುಳು ನೀರನ್ನು ಮಿತವ್ಯಯ ಮಾಡಿಕೊಳ್ಳುವ ಬಗೆ ಇದು ಎಂದು ಬಹ್ಲ್ ಅದಕ್ಕೆ ಅರ್ಥ ಹೇಳಿದರು.

ಇದರ ಸ್ವಾರಸ್ಯವನ್ನು ಕೇಳುವವರು ಗಮನಿಸಬೇಕು. ಯಾವುದೋ ದುರ್ಗಮ ದ್ವೀಪದಿಂದ ತಂದ ಪ್ರಾಣಿಯಲ್ಲಿ ಕಂಡದ್ದಲ್ಲ ಇದು. ತೋಟದ ಮಣ್ಣಿನಲ್ಲಿ ಸಲಿಕೆ ಹಾಕಿದರೆ ಸಿಕ್ಕುವ ಹುಳುವಿನಲ್ಲಿ ಕಂಡದ್ದು. ಹುಳು ಕಾಲೇಜಿನ ಅಂಗಳದಲ್ಲಿಯೇ ಇತ್ತು. ಹಕ್ಸ್‌ಲಿ ಹೇಳಿದ ಕಣ್ಣಿಂದ ಅದನ್ನು ನೋಡುವವರು ಬರಬೇಕಾಗಿತ್ತು. ನಮ್ಮ ವಿಶ್ವವಿದ್ಯಾಲಯಗಳು ಹಕ್ಸ್‌ಲಿಯ ಪಟ್ಟಿಯನ್ನು ತರಿಸಿಕೊಂಡಷ್ಟು ಶ್ರದ್ಧೆಯಿಂದ ಅವನ ಕಣ್ಣನ್ನು ತರಿಸಿಕೊಳ್ಳಲಿಲ್ಲ ಎಂದು ನನ್ನ ಅಭಿಪ್ರಾಯ. ಪಟ್ಟಿಯನ್ನು ಪರೀಕ್ಷೆಗೆ ಇಡಬಹುದು, ಅದಕ್ಕೆ ಅಂಕ ಹಂಚಬಹುದು. ಕಣ್ಣಿಗೆ ಅಂಕ ಕೊಡುವ ಬಗೆ ಯಾವ ಪರೀಕ್ಷಾ ಮಂಡಳಿಗೂ ತಿಳಿಯದು. ಇದು ಕನ್ನಡ ಎಂ.ಎ.ಗೂ ಸಲ್ಲುವ ಮಾತೇ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಬಹ್ಲ್ ಲಖನೌ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ತಮ್ಮ ಶೋಧನೆ ಪಂಡಿತರ ಪತ್ರಿಕೆಯಲ್ಲಿಯೇ ಉಳಿದರೆ ಸಾಲದು, ವಿದ್ಯಾರ್ಥಿಯ ಮೇಜಿಗೆ ಬರಬೇಕೆಂದು ಅವರಿಗೆ ತೋರಿತು. ಭಾರತದ ಒಂದೊಂದು ಸಾಮಾನ್ಯ ಪ್ರಾಣಿಯನ್ನು ಕುರಿತು ಒಂದೊಂದು ಸಣ್ಣ ಪುಸ್ತಕ ಬರಬೇಕು, ಅದನ್ನು ಆ ಪ್ರಾಣಿಯನ್ನು ಸ್ವತಃ ಬಿಡಿಸಿ ನೋಡಿದವರೇ ಬರೆಯಬೇಕು ಎಂಬ ಉದ್ದೇಶದಿಂದ ಅವರು ಒಂದು ಮಾಲೆಯನ್ನು ಆರಂಭಿಸಿದರು. ಮೊದಲನೆಯದು ಅವರದೇ ಫೆರೆಟೀಮ, 1926ರಲ್ಲಿ. ಎರಡು ವರ್ಷಗಳ ಮೇಲೆ ಲಖನೌದ ಇಸಾಬೆಲ್ಲಾ ಥೋಬರ್ನ್ ಮಹಿಳಾ ಕಾಲೇಜಿನ ತಿಲ್ಲೈಯಂಪಲಂ ಎಂಬ ಅಧ್ಯಾಪಕಿ ನಮ್ಮ ಕರಾವಳಿಯ ಸಣ್ಣ ಶಾರ್ಕು ಮೀನನ್ನು ಕುರಿತು ಬರೆದರು. ಪಟವರ್ಧನರ ಸಿಗಡಿ 1937ರಲ್ಲಿ ಬಂದಿತು. ಕ್ರೇಫಿಷ್ ಎಂಬುದು ಭಾರತದ ಹೊಳೆ ಕೆರೆಗಳಲ್ಲಿ ಸ್ವಾಭಾವಿಕವಾಗಿ ಇಲ್ಲವೇ ಇಲ್ಲ. ಸಿಗಡಿಯಾದರೆ ಯಾವ ಸಂತೆಯಲ್ಲಿಯೂ ಸಿಕ್ಕುತ್ತದೆ. ಭಾಟಿಯಾ ಅವರು ನಮ್ಮ ಕೆರೆಯ ಜಿಗಣೆಯನ್ನು ಕುರಿತು 1941ರಲ್ಲಿ ಬರೆದರು. ದೊಡ್ಡ ಮಾತಿಲ್ಲದೆ, ನೂರು ಚಿಲ್ಲರೆ ಪುಟಗಳ ಪುಸ್ತಕಗಳಿಂದ ನಡೆದ ಒಂದು ಸ್ವದೇಶೀ ಚಳವಳಿ ಇದು ಎಂದರೆ ತಪ್ಪಲ್ಲ. ಚರಕದ ವಿಚಾರ ಬರೆದಷ್ಟು ನಮ್ಮವರು ಇದರ ವಿಚಾರ ಬರೆಯಲಿಲ್ಲ.

ಇನ್ನು ಕಪ್ಪೆಯ ವಿಚಾರ. ಇದರಲ್ಲಿ ನಮ್ಮ ಬೆಂಗಳೂರಿಗೆ ಸಲ್ಲಬೇಕಾದ ಭಾಗವಿದೆ.

ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದವರು ಸಿ. ಆರ್. ನಾರಾಯಣರಾಯರು. ಅವರ ಜನನ 1882ರಲ್ಲಿ, ಮರಣ 1960ರಲ್ಲಿ. 1932ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು ಅವರೇ. ಅವರ ಕಾಲದಲ್ಲಿಯೂ, ಅವರ ಅನಂತರವೂ, ಭಾರತದ ತರಗತಿಗಳಲ್ಲಿ ಕಪ್ಪೆಯೆಂದರೆ ಒಂದೇ ಕಪ್ಪೆ: ಹಳದಿ ಹಸಿರು ಮೈಯ, ಅಂಗೈ ತುಂಬುವ, ಗದ್ದೆಗಳಲ್ಲಿ ಹೇರಳವಾಗಿದ್ದ ರಾನ ಟೈಗ್ರಿನ. ಅದರ ರಕ್ತನಾಳ, ಅದರ ನರ, ಅದರ ಮೂಳೆ. ಮೊಟ್ಟೆ, ಗೊದಮೊಟ್ಟೆ, ಬಾಲ ಉದುರಿ ಕಪ್ಪೆ, ಇದು ಅದರ ಜೀವನಚರಿತ್ರೆ. ಇದನ್ನು ಬರೆದರೆ ಪೂರ್ಣಾಂಕ. ನಾರಾಯಣರಾಯರಾದರೋ ಮಳೆಗಾಲದಲ್ಲಿ ಮಲೆನಾಡಿಗೂ ಕೊಡಗಿಗೂ ಹೋಗಿ, ಎಲೆಗಳ ಅಡಿಯಲ್ಲಿ, ಝರಿಗಳ ಕಲ್ಲುಸಂದಿಗಳಲ್ಲಿ ಇರುವ ಹೆಬ್ಬೆರಳಿನಷ್ಟು ಚಿಕ್ಕ ಕಪ್ಪೆಗಳನ್ನು ಹಿಡಿದು ತಂದರು. 1920ರಲ್ಲಿ ಅವರು ಕೊಡಗಿನ ಒಂದು ಕಪ್ಪೆಗೆ ಸ್ಯಾಂಕ್ಟಿಪಲಸ್ಟ್ರಿಸ್ ಎಂದು ನಾಮಕರಣ ಮಾಡಿದರು. ಲ್ಯಾಟಿನ್ನಿನಲ್ಲಿ ಇದಕ್ಕೆ ಪವಿತ್ರವಾದ ಜೌಗುನೆಲದ್ದು ಎಂದು ಅರ್ಥ. ಕಾವೇರಿಯ ಸೀಮೆಯ ಕಪ್ಪೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಕವಿಯೂ ಇಡಲಾರನು. 1937ರಲ್ಲಿ ಅವರು ಒಟ್ಟಿಗೆ ಹಲವು ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲಿ ಒಂದರ ಹೆಸರು ಕೆಂಪ್‌ಹೊಲೆಯೆನ್ಸಿಸ್. ಸಕಲೇಶಪುರದ ಕಡೆಯ ಕೆಂಪುಹೊಳೆ ಹೀಗೆ ಲ್ಯಾಟಿನ್ ಪ್ರತ್ಯಯವನ್ನು ಹಚ್ಚಿಕೊಂಡು ಜಗತ್ತಿನ ಪ್ರಾಣಿಕೋಶವನ್ನು ಸೇರಿತು.

ನಾರಾಯಣರಾಯರು ತಂದಿಟ್ಟಿದ್ದ ಆ ಮೂಲ ನಮೂನೆಗಳು ಮುಂದೆ ಕಳೆದುಹೋದವು. ಒಂದು ಹೊಸ ಪ್ರಭೇದಕ್ಕೆ ಹೆಸರಿಟ್ಟಾಗ ಯಾವ ಒಂದು ಪ್ರಾಣಿಯನ್ನು ಮುಂದಿಟ್ಟುಕೊಂಡು ವರ್ಣನೆ ಬರೆಯಲಾಯಿತೋ ಅದೇ ಶಾಸ್ತ್ರಕ್ಕೆ ಸಾಕ್ಷಿ. ನಮ್ಮಲ್ಲಿ ಕವಿಯ ಸ್ವಹಸ್ತದ ಓಲೆ ಇದ್ದಂತೆ ಎನ್ನಿ. ಅದು ಹೋದರೆ ಮುಂದಿನವರು ಇದೇ ಆ ಕಪ್ಪೆಯೆಂದು ಎದೆ ತಟ್ಟಿ ಹೇಳುವಂತಿಲ್ಲ. ಹತ್ತಾರು ವರ್ಷ ಈ ಹೆಸರುಗಳು ಗ್ರಂಥಗಳಲ್ಲಿ ಮಾತ್ರ ಇದ್ದವು. ಕಾಡಿನಲ್ಲಿ ಅವನ್ನು ಗುರುತಿಸಿ ತೋರಿಸುವವರಿರಲಿಲ್ಲ. ಈ ಕಥೆಗೆ ಮತ್ತೆ ಬರುತ್ತೇನೆ.

ಸಸ್ಯಶಾಸ್ತ್ರದ ಹಿರಿಯ ತರಗತಿಗಳ ವಿಚಾರವನ್ನು ಕನ್ನಡಿಗರಿಗೆ ನಾನು ಹೇಳಬೇಕಾದ ಅಗತ್ಯ ಕಡಮೆ. ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು ನಮ್ಮಲ್ಲಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಗಿಡ ಹುಡುಕಿ ಅಲೆದ ಕಥನ ಅದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾವು ಅದನ್ನು ವಿನೋದಕ್ಕಾಗಿ ಓದುತ್ತೇವೆ, ಓದಬೇಕಾದದ್ದೇ. ಆದರೆ ಪಠ್ಯಕ್ರಮದ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಪದವಿಯ ಮೇಲಿನ ತರಗತಿಯ ಪ್ರಯೋಗಪಾಠ ಹೇಗಿರಬಹುದೆಂಬುದಕ್ಕೆ ಅದಕ್ಕಿಂತ ಸಜೀವವಾದ ದಾಖಲೆ ಭಾರತದ ಯಾವ ಭಾಷೆಯಲ್ಲಾದರೂ ಇದೆಯೋ ಇಲ್ಲವೋ ಎಂಬುದು ನನ್ನ ಸಂದೇಹ. ಚಿತ್ರಗಳನ್ನೂ ಸ್ವಾಮಿಯವರೇ ಬರೆದರು. ಬರೆಯುವ ಕೈ ಇದ್ದವರಿಗೆ ಕಾಣುವ ಕಣ್ಣೂ ಇರುತ್ತದೆ. ತಾವು ಗುರುತಿಸಿದ ಒಂದು ಗಿಡಕ್ಕೆ ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರನ್ನು ಅವರು 1953ರಲ್ಲಿ ಇಟ್ಟರು. ಗುರುದಕ್ಷಿಣೆಯನ್ನು ಸಸ್ಯರೂಪದಲ್ಲಿ ಸಲ್ಲಿಸಿದ ಕನ್ನಡಿಗರು ಹೆಚ್ಚು ಮಂದಿಯಿಲ್ಲ.

ಅದೇ 1953ರಲ್ಲಿಯೇ, ಕೇಂಬ್ರಿಜಿನಲ್ಲಿ, ಈ ಹಳೆಯ ಪಠ್ಯಕ್ರಮದ ಬುಡವನ್ನು ಅಲುಗಿಸುವ ಸಂಗತಿಯೂ ನಡೆಯಿತು. ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ಸುರುಳಿಯ ಸ್ವರೂಪವನ್ನು ಪ್ರಕಟಿಸಿದರು. ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದದ್ದು. ಹದಿನೈದು ವರ್ಷಗಳಲ್ಲಿ ವಂಶವಾಹಿಯ ಲಿಪಿಯನ್ನು ಓದಲು ಬಂದಿತು. ಅದರಲ್ಲಿ ಪಾಲುಗೊಂಡ ಹರಗೋಬಿಂದ ಖೊರಾನರಿಗೆ 1968ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಪದವಿಯ ಕೊನೆಯ ವರ್ಷದ ಪಾಠಪಟ್ಟಿಗೆ ತಳಿಶಾಸ್ತ್ರ, ಕೋಶಶಾಸ್ತ್ರ, ಅಣುಜೀವಶಾಸ್ತ್ರ, ರೋಗನಿರೋಧ ಶಾಸ್ತ್ರ, ಜೈವಿಕ ತಂತ್ರಜ್ಞಾನಗಳು ಒಂದರ ಹಿಂದೆ ಒಂದು ಬಂದು ಸೇರಿದವು. ಶಾರ್ಕಿನ ತಲೆಯ ನರಗಳನ್ನು ಬಿಡಿಸುತ್ತಿದ್ದ ಮೇಜಿನ ಮೇಲೆ ಡಿ.ಎನ್.ಎ.ಯ ತುಣುಕುಗಳು ಮೆಲ್ಲಗೆ ಹರಿದು ಗೆರೆಗೆರೆಯಾಗಿ ನಿಲ್ಲುವ ಲೋಳೆಯ ಪಟ್ಟಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದಾಗ ಜೀವಶಾಸ್ತ್ರವನ್ನು ಆರಿಸಿದವರಿಗೂ ಮೊದಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಎಲ್ಲರೊಡನೆ ಕಲಿಯುವುದನ್ನು ವಿಧಿಸಿ, ಕೊನೆಯ ವರ್ಷವನ್ನು ಸಂಶೋಧನೆಗೆ ಇಟ್ಟಿತು. ವಿದ್ಯಾರ್ಥಿ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಎದುರಿಸಲಿ ಎಂಬ ಈ ಏರ್ಪಾಡು ನನಗೆ ಬಹಳ ಮೆಚ್ಚಿಗೆಯಾದದ್ದು.

ಹಳೆಯ ಅಧ್ಯಾಪಕರಲ್ಲಿ ಕೆಲವರು ಇದನ್ನೆಲ್ಲ ಕಂಡು ನಿಡುಸುಯ್ಯುತ್ತಾರೆ. ಇಡೀ ಪ್ರಾಣಿಯೇ ತರಗತಿಯಿಂದ ಮಾಯವಾಯಿತು ಎನ್ನುತ್ತಾರೆ. ಅವರ ದುಃಖ ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೊಸ ಪಠ್ಯಕ್ರಮವನ್ನು ಸ್ವಲ್ಪ ಕೆದಕಿ ನೋಡಿದರೆ ಅದರ ಕೆಳಗೂ ಒಂದು ಪಟ್ಟಿ ಕಾಣುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯ, ಯೀಸ್ಟು, ಹಣ್ಣಿನ ನೊಣ, ಒಂದು ಮಿಲಿಮೀಟರ್ ಉದ್ದದ ದುಂಡುಹುಳು, ಇಲಿ, ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಕಳೆಗಿಡ. ಇವುಗಳಿಗೆ ಮಾದರಿ ಜೀವಿಗಳೆಂದೇ ಹೆಸರು! ಆ ದುಂಡುಹುಳುವಿನ ಮೈಯಲ್ಲಿರುವ 959 ಕೋಶಗಳಲ್ಲಿ ಒಂದೊಂದರ ವಂಶಾವಳಿಯನ್ನೂ 1983ರ ಹೊತ್ತಿಗೆ ಗುರುತಿಸಿಬಿಟ್ಟಿದ್ದರು. ಇದು ವಿಸ್ಮಯಪಡಬೇಕಾದ ಸಾಧನೆ. ಆದರೂ ಅದು ರಾಮಶಬ್ದವೇ, ಹೆಚ್ಚು ಪರಿಷ್ಕಾರವಾಗಿ ಅಚ್ಚಾದ ರಾಮಶಬ್ದ. ಯೀಸ್ಟಂತೂ ಹಕ್ಸ್‌ಲಿಯ ಮೊದಲ ಅಧ್ಯಾಯದಿಂದ ಎದ್ದು ಬಂದು ಹೊಸ ಪಟ್ಟಿಯಲ್ಲಿಯೂ ಕುಳಿತಿದೆ.

ಹಳೆಯ ಪಟ್ಟಿ ತಟ್ಟೆಯಿಂದ ಇಳಿದದ್ದಕ್ಕೆ ಶಾಸ್ತ್ರದ ಪ್ರಗತಿಯೊಂದೇ ಕಾರಣವಲ್ಲ. ಕಪ್ಪೆಯನ್ನು ಪರದೇಶಗಳ ಊಟದ ಮೇಜಿಗೂ ನಮ್ಮ ಪ್ರಯೋಗಶಾಲೆಗಳಿಗೂ ಹಿಡಿದು ಹಿಡಿದು ಗದ್ದೆಗಳು ಬರಿದಾಗತೊಡಗಿದ್ದವು. ಕಪ್ಪೆಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಷೇಧಿಸಿತು. 2011ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಬಿಡಬೇಕೆಂದು ಸೂಚಿಸಿತು, 2014ರಲ್ಲಿ ಆ ಕಟ್ಟಳೆಯನ್ನು ಇನ್ನೂ ಬಿಗಿ ಮಾಡಿತು. ಕಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಬೊಂಬೆ ಬಂದಿತು, ಕಂಪ್ಯೂಟರಿನ ಪರದೆಯ ಮೇಲೆ ಕೊಯ್ಯಬಹುದಾದ ಕಪ್ಪೆಯ ಚಿತ್ರ ಬಂದಿತು. ಜನ್ನನ ಯಶೋಧರ ಚರಿತೆಯನ್ನು ಪಾಠ ಹೇಳಿದ ನನಗೆ ಹಿಟ್ಟಿನ ಕೋಳಿ ನೆನಪಾಗದೆ ಹೇಗಿರಬೇಕು? ಆದರೆ ಇಲ್ಲಿ ಸಂಕಲ್ಪಹಿಂಸೆಯ ಶಂಕೆಗೆ ಅವಕಾಶವಿಲ್ಲ. ಪ್ರತಿವರ್ಷ ಒಂದೇ ಚಿತ್ರವನ್ನು ಬರೆಯುವುದಕ್ಕಾಗಿ ಅಷ್ಟೊಂದು ಪ್ರಾಣಿಗಳು ಸಾಯಬೇಕಾಗಿರಲಿಲ್ಲ ಎಂಬುದು ನನ್ನ ಸ್ಪಷ್ಟ ನಿಲುವು. ನನ್ನ ಆಕ್ಷೇಪ ಬೇರೆ. ಪರದೆಯ ಮೇಲಿನ ಕಪ್ಪೆಯನ್ನು ಎಷ್ಟು ಸಲ ಕೊಯ್ದರೂ ಅದರೊಳಗೆ ಅದನ್ನು ರಚಿಸಿದವನು ಇಟ್ಟದ್ದೇ ಇರುತ್ತದೆ. ಬಹ್ಲ್ ಅವರಿಗೆ ಕಂಡಂಥದು ಅದರಲ್ಲಿ ಕಾಣುವ ಸಂಭವವೇ ಇಲ್ಲ. ಕೊಲ್ಲದೆ ನೋಡುವುದಕ್ಕೆ ಕಾಲೇಜಿನ ಹಿಂದಿನ ಕೆರೆಯಿದೆ, ಮಳೆಗಾಲದ ರಾತ್ರಿಯಿದೆ, ಒಂದು ಕೈದೀಪವಿದ್ದರೆ ಸಾಕು. ಪರಿಸರಶಾಸ್ತ್ರ ಕೊನೆಯ ವರ್ಷದ ಪಾಠಪಟ್ಟಿಯಲ್ಲಿ ಉಂಟು. ಅದನ್ನು ಕೋಣೆಯೊಳಗೆ ಟಿಪ್ಪಣಿ ಬರೆಸಿ ಮುಗಿಸುವ ತರಗತಿಗಳೂ ಉಂಟು.

ಈಗ ನಾರಾಯಣರಾಯರ ಕಪ್ಪೆಗಳಿಗೆ ಬರೋಣ. ಡಿ.ಎನ್.ಎ.ಯ ವಿದ್ಯೆ ಪ್ರಾಣಿಯನ್ನು ತರಗತಿಯಿಂದ ಓಡಿಸಿತು ಎನ್ನುವವರು ಕೇಳಬೇಕಾದ ಕಥೆ ಇದು. ಪಶ್ಚಿಮಘಟ್ಟದ ಪೊದೆಗಳಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡುವ ಪುಟ್ಟ ಕಪ್ಪೆಗಳ ಒಂದು ದೊಡ್ಡ ಗುಂಪು ಉಳಿದವುಗಳಿಂದ ಬೇರೆಯಾದ ಒಂದು ಕುಲವೆಂದು 2010ರಲ್ಲಿ ಡಿ.ಎನ್.ಎ.ಯ ಆಧಾರದಿಂದಲೂ ಗೊತ್ತಾಯಿತು. ಆ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಅದರಲ್ಲಿರುವ ರಾವ್, ನಮ್ಮ ಸೆಂಟ್ರಲ್ ಕಾಲೇಜಿನ ರಾಯರು. ಈ ಕಪ್ಪೆಗಳಿಗೆ ಕೆರೆ ಬೇಡ, ಗೊದಮೊಟ್ಟೆಯ ಅವಸ್ಥೆಯೂ ಇಲ್ಲ. ಎಲೆಯ ಮೇಲೋ ತರಗಿನ ನಡುವೆಯೋ ಇಟ್ಟ ಮೊಟ್ಟೆ ಒಡೆದರೆ ಒಳಗಿಂದ ನೇರವಾಗಿ ಅಕ್ಕಿಕಾಳಿನಂಥ ಮರಿಗಪ್ಪೆಯೇ ಹೊರಬರುತ್ತದೆ. ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಎಂದು ಬರೆದು ಪೂರ್ಣಾಂಕ ಪಡೆದ ತಲೆಮಾರುಗಳು ಓದುತ್ತಿದ್ದ ಊರುಗಳಿಂದ ಒಂದು ಹಗಲಿನ ಬಸ್ ಪ್ರಯಾಣದಷ್ಟು ದೂರದಲ್ಲಿ ಇವು ಇದ್ದವು.

ಮೂಲ ನಮೂನೆಗಳು ಹೋಗಿದ್ದರೂ ರಾಯರು ತಮ್ಮ ಪ್ರಬಂಧಗಳಲ್ಲಿ ಒಂದೊಂದು ಕಪ್ಪೆಯನ್ನು ಎಲ್ಲಿ ಹಿಡಿದರೆಂಬುದನ್ನು ಬರೆದಿಟ್ಟಿದ್ದರು. ದೆಹಲಿ ವಿಶ್ವವಿದ್ಯಾಲಯದ ಬಿಜು ಮತ್ತು ಅವರ ಜೊತೆಗಾರರು ಘಟ್ಟದ ಇರುಳ್ಗಪ್ಪೆಗಳನ್ನು ಹುಡುಕುವಾಗ ಅಂಥ ಸ್ಥಳನಾಮಗಳೇ ಅವರಿಗೆ ದಾರಿಯಾದವು. 2011ರಲ್ಲಿ ಅವರು ಹನ್ನೆರಡು ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ಕಣ್ಮರೆಯಾಗಿದ್ದ ಕೆಲವು ಹಳೆಯವೂ ಅವುಗಳ ಜೊತೆಗೆ ಮತ್ತೆ ಸಿಕ್ಕಿದವು. ಕೆಂಪುಹೊಳೆಯ ಹೆಸರನ್ನು ಹೊತ್ತ ಕಪ್ಪೆ ಸುಮಾರು ಮುಕ್ಕಾಲು ಶತಮಾನದ ಮೇಲೆ ಗುರುತಿಗೆ ಬಂದಿತು. ಪವಿತ್ರ ಜೌಗಿನ ಕಪ್ಪೆ, 1920ರಲ್ಲಿ ರಾಯರು ಹೆಸರಿಟ್ಟದ್ದು, ಕೊಡಗಿನಲ್ಲಿ ಮತ್ತೆ ಕಂಡಿತು. ನಡುವೆ 91 ವರ್ಷ ಕಳೆದಿತ್ತು.